ಒಂದೇ ಹೆಸರು, ಎರಡು ಮರ: ನೀಲಗಿರಿಯ ಚರಿತ್ರೆ

ನೆಗಡಿಯ ದಿನಗಳಲ್ಲಿ ನಮ್ಮೆಲ್ಲರ ಮನೆಯ ಕಪಾಟಿನಿಂದಲೂ ಹೊರಬರುವ ಒಂದು ಪುಟ್ಟ ಬಾಟಲಿ ಇದೆ. ನಾವು ನೆಲೆಸಿದ ಊರಿಗೆ ತಕ್ಕಂತೆ ಅದನ್ನು ಕೊಡುವ ಮರದ ಹೆಸರು ಮಾತ್ರ ಬದಲಾಗುತ್ತದೆ. ಮುಂಬಯಿ, ಪುಣೆಯ ಔಷಧಿ ಅಂಗಡಿಯಲ್ಲಿ ‘ನಿಲಗಿರಿ ತೇಲ್’ ಎಂದರೆ ಸಾಕು. ಚೆನ್ನೈಯಲ್ಲಿರುವ ಗೆಳತಿಯರು ಆ ಮರವನ್ನು ‘ತೈಲ ಮರಂ’ ಎನ್ನುವುದನ್ನು ಕೇಳಿರುತ್ತಾರೆ. ಹೈದರಾಬಾದಿನಿಂದ ಖಮ್ಮಂ ಕಡೆಗೆ ಹೋದವರು ‘ಜಾಮಾಯಿಲ್’ ತೋಟಗಳನ್ನು ನೋಡಿರುತ್ತಾರೆ. ದೆಹಲಿ, ಹರಿಯಾಣದ ಕಡೆ ಬಿಳಿ ಮೈಯ ಆ ಮರಕ್ಕೆ ‘ಸಫೇದಾ’ ಎಂದು ಹೆಸರು. ನಾವು ಕನ್ನಡಿಗರು ‘ನೀಲಗಿರಿ’ ಎನ್ನುತ್ತೇವೆ.

ನಾನು ಹುಟ್ಟಿ ಬೆಳೆದದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಮುಂಬಯಿಗೆ ಬಂದು ಮೂವತ್ತೈದು ವರ್ಷ ದಾಟಿತು. ಇಲ್ಲಿಯ ಗೆಳತಿಯರಿಗೆ ನೀಲಗಿರಿ ಎಂದರೆ ಎಣ್ಣೆ. ನನ್ನ ತವರಿನವರಿಗೆ ನೀಲಗಿರಿ ಎಂದರೆ ತೋಪು. ನಮ್ಮ ಜಿಲ್ಲೆಯಲ್ಲಿ ನೀಲಗಿರಿ ತೋಪುಗಳನ್ನು ಬೇರು ಸಹಿತ ತೆಗೆಸುತ್ತಿದ್ದಾರೆ ಎಂದು ಹೇಳಿದಾಗಲೆಲ್ಲ ಇಲ್ಲಿ ಒಂದೇ ಪ್ರಶ್ನೆ ಬರುತ್ತದೆ: “ಅಷ್ಟೊಂದು ಒಳ್ಳೆಯ ಔಷಧಿ ಮರವನ್ನು ಕೀಳಿಸುವುದೇಕೆ?” ಆ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಅದಕ್ಕೆ ಈ ಮರದ ಇನ್ನೂರು ವರ್ಷದ ಕಥೆಯನ್ನೇ ಹೇಳಬೇಕು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಬಾಟಲಿಯ ನೀಲಗಿರಿ ಬೇರೆ, ನನ್ನ ಊರಿನ ನೀಲಗಿರಿ ಬೇರೆ. ಎರಡೂ ಒಂದೇ ಕುಲದ ಅಕ್ಕತಂಗಿಯರು, ಹೆಸರೂ ಒಂದೇ. ಆದರೆ ಸೇರಿದ ಮನೆ ಬೇರೆ, ಮಾಡಿದ ಬದುಕು ಬೇರೆ.

ಬೆಟ್ಟದ ಹೆಸರು ಮರಕ್ಕೆ ಬಂದದ್ದು

ನೀಲಗಿರಿ ಮೊದಲಿಗೆ ಬೆಟ್ಟದ ಹೆಸರು, ಅದೂ ಬಹಳ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಶಾಸನವೊಂದು ಚಾಮರಾಜನಗರದಲ್ಲಿದೆ. 1117ರ ಆ ಶಾಸನದಲ್ಲಿ ಅವನು ತೋದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡ ಮಾತು ಬರುತ್ತದೆ. ಆ ಬೆಟ್ಟದ ಬಡಗರ ನುಡಿ ನಮ್ಮ ಕನ್ನಡಕ್ಕೆ ತೀರ ಹತ್ತಿರದ್ದು. ‘ಬಡಗ’ ಎಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು. ಹೀಗೆ ನೀಲಗಿರಿ ಬೆಟ್ಟ ಇಂದು ತಮಿಳುನಾಡಿನಲ್ಲಿದ್ದರೂ ಕನ್ನಡಕ್ಕೆ ಹೊರಗಿನದಲ್ಲ.

ಪುಣಿಸನ ಕಾಲದಲ್ಲಿ ಆ ಬೆಟ್ಟದಲ್ಲಿ ಒಂದೇ ಒಂದು ನೀಲಗಿರಿ ಮರವೂ ಇರಲಿಲ್ಲ. ಇಳಿಜಾರಿನ ತುಂಬ ಹುಲ್ಲುಗಾವಲು, ಎರಡು ಗುಡ್ಡ ಕೂಡುವ ಮಡಿಲಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು, ಆ ಕಾಡಿನ ಬುಡದಲ್ಲಿ ತೊರೆ. ಹುಲ್ಲುಗಾವಲಿನಲ್ಲಿ ತೋದವರ ಎಮ್ಮೆಗಳು ಮೇಯುತ್ತಿದ್ದವು. ಹನ್ನೆರಡು ವರ್ಷಕ್ಕೊಮ್ಮೆ ಅಲ್ಲಿ ಕುರಿಂಜಿ ಅರಳಿ ಬೆಟ್ಟವೆಲ್ಲ ನೀಲಿಯಾಗುತ್ತಿತ್ತು. 2006ರಲ್ಲಿ, 2018ರಲ್ಲಿ ಅರಳಿದ್ದನ್ನು ನೀವೂ ಪತ್ರಿಕೆಯಲ್ಲಿ ನೋಡಿರಬಹುದು. ಬೆಟ್ಟಕ್ಕೆ ನೀಲಿಯ ಹೆಸರು ಬಂದದ್ದು ಈ ಹೂವಿನಿಂದ ಎನ್ನುವವರಿದ್ದಾರೆ, ದೂರದಿಂದ ಕಾಣುವ ಮಂಜಿನ ನೀಲಿಯಿಂದ ಎನ್ನುವವರೂ ಇದ್ದಾರೆ. ಮರ ಅಲ್ಲಿಗೆ ಹೋಗಿ ಆ ಹುಲ್ಲುಗಾವಲಿನಲ್ಲಿ ಬೇರೂರಿದ್ದು ಆಮೇಲೆ. ಕುರಿಂಜಿಯ ಜಾಗವನ್ನೂ ಬೆಟ್ಟದ ಹೆಸರನ್ನೂ ಅದು ಒಟ್ಟಿಗೆ ಪಡೆದುಕೊಂಡಿತು.

ಆಸ್ಟ್ರೇಲಿಯಾದಿಂದ ನಂದಿಗೆ, ಊಟಿಗೆ

ಈ ಕುಲದ ಮರಗಳ ತವರು ಆಸ್ಟ್ರೇಲಿಯಾ. 1777ರಲ್ಲಿ ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದವರು ಟಾಸ್ಮೇನಿಯಾದಲ್ಲಿ ಒಂದು ಮರದ ಮಾದರಿ ಸಂಗ್ರಹಿಸಿದರು. ಅದನ್ನು ಲಂಡನ್ನಿನಲ್ಲಿ ನೋಡಿದ ಫ್ರಾನ್ಸಿನ ಸಸ್ಯವಿಜ್ಞಾನಿ ಲೆರಿಟಿಯೆ, 1788ರ ಹೊತ್ತಿಗೆ ‘ಯೂಕಲಿಪ್ಟಸ್’ ಎಂಬ ಹೆಸರು ಕಟ್ಟಿದ. ಗ್ರೀಕ್ ಮೂಲದ ಈ ಪದಕ್ಕೆ ‘ಚೆನ್ನಾಗಿ ಮುಚ್ಚಿದ್ದು’ ಎಂದರ್ಥ. ಇದರ ಮೊಗ್ಗಿಗೆ ಕರಡಿಗೆಯ ಮುಚ್ಚಳದಂಥ ಒಂದು ಟೋಪಿ ಇರುತ್ತದೆ. ಹೂ ಅರಳುವಾಗ ಅದು ಕಳಚಿ ಬೀಳುತ್ತದೆ, ಒಳಗಿನ ಕೇಸರಗಳು ಕುಚ್ಚಿನಂತೆ ಹೊರಬರುತ್ತವೆ. ನಮ್ಮ ಎಣ್ಣೆಯ ಮರವಾದ ‘ಗ್ಲೋಬ್ಯುಲಸ್’ ಜಾತಿಯನ್ನು 1792ರಲ್ಲಿ ಟಾಸ್ಮೇನಿಯಾದಲ್ಲಿ ಸಂಗ್ರಹಿಸಿದವನು ಲಾಬಿಲಾರ್ಡಿಯೆ, ಅವನೂ ಫ್ರೆಂಚನೇ. ಇಂಗ್ಲಿಷರು ಇದನ್ನು ‘ಬ್ಲೂ ಗಮ್’ ಎಂದರು. ಎಳೆಯ ಗಿಡದ ಎಲೆ ಅಗಲವಾಗಿ, ಬೂದಿ ಬಳಿದಂತೆ ನೀಲಿ ಛಾಯೆಯಲ್ಲಿರುತ್ತದೆ. ಬೆಳೆದ ಮರದ ಎಲೆ ಕುಡುಗೋಲಿನಂತೆ ಉದ್ದವಾಗಿ ಬಾಗಿರುತ್ತದೆ. ಒಂದೇ ಮರದ ಎಲೆಗಳು ಎಂದರೆ ನಂಬುವುದು ಕಷ್ಟ.

ಭಾರತಕ್ಕೆ ಈ ಕುಲ ಮೊದಲು ಬಂದದ್ದು ನಮ್ಮ ಕರ್ನಾಟಕಕ್ಕೇ ಎಂದು ಅರಣ್ಯ ಇಲಾಖೆಯ ಬರಹಗಳು ಹೇಳುತ್ತವೆ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತನ್ನ ತೋಟದಲ್ಲಿ ಇದನ್ನು ನೆಡಿಸಿದ, ಹದಿನಾರು ಜಾತಿಗಳ ಬೀಜ ತರಿಸಿದ್ದ ಎಂಬುದು ಅವುಗಳಲ್ಲಿ ಬರುವ ಮಾತು. ಟಿಪ್ಪುವಿಗೆ ಹೊರದೇಶದ ಗಿಡಗಳ ಹುಚ್ಚು ಇದ್ದದ್ದಂತೂ ನಿಜ. 1788ರಲ್ಲಿ ಪ್ಯಾರಿಸ್ಸಿಗೆ ಬಂದ ಅವನ ರಾಯಭಾರಿಗಳು ಹದಿನಾರನೆಯ ಲೂಯಿಯ ಬಳಿ ಕೇಳಿದ ಸಂಗತಿಗಳಲ್ಲಿ ಗಿಡ, ಬೀಜ, ತೋಟಗಾರರೂ ಸೇರಿದ್ದರು.

ನೀಲಗಿರಿ ಬೆಟ್ಟಕ್ಕೆ ಮರ ಬಂದದ್ದು ಇದಾದ ಅರ್ಧ ಶತಮಾನದ ಮೇಲೆ. 1799ರಲ್ಲಿ ಟಿಪ್ಪು ಬಿದ್ದ ನಂತರ ಆ ಬೆಟ್ಟ ಮೈಸೂರಿನ ಕೈಯಿಂದ ಕಂಪನಿಯ ಕೈಗೆ ಹೋಯಿತು. 1820ರ ದಶಕದಿಂದ ಊಟಿ ಬ್ರಿಟಿಷರ ಬೇಸಿಗೆಯ ಊರಾಯಿತು. ಬೇಸಿಗೆಗೆಂದು ಬಂದವರು ಚಳಿಗಾಲಕ್ಕೂ ಉಳಿದರು. ಪ್ರತಿ ಬಂಗಲೆಯ ಅಗ್ಗಿಷ್ಟಿಕೆಗೂ ಸೌದೆ ಬೇಕಾಯಿತು. ಶೋಲಾ ಮರಗಳು ನಿಧಾನವಾಗಿ ಬೆಳೆಯುವವು. ಕಡಿಯುವ ವೇಗಕ್ಕೆ ಬೆಳೆಯುವ ವೇಗ ಎಲ್ಲಿ ಸಾಟಿ? ಬೇಗ ಬೆಳೆಯುವ ಮರ ಬೇಕೆಂದು ಹುಡುಕುವಾಗ ಸಿಕ್ಕಿದ್ದು ಬ್ಲೂ ಗಮ್. 1843ರಲ್ಲಿ ಮದರಾಸು ಎಂಜಿನಿಯರ್ ಪಡೆಯ ಕ್ಯಾಪ್ಟನ್ ಕಾಟನ್ ಅದನ್ನು ನೆಡಿಸಿದ. 1856ರಿಂದ ಸೌದೆಗೆಂದೇ ಕ್ರಮವಾಗಿ ತೋಪುಗಳು ಎದ್ದವು. ಹೀಗೆ ನಾವಿಂದು ಔಷಧಿಯ ಮರ ಎಂದು ಗೌರವಿಸುವ ಈ ಮರ ಬೆಟ್ಟ ಹತ್ತಿದ್ದು ಬರೀ ಸೌದೆಯಾಗಿ.

ಎಲೆ ಬೇಯಿಸಿ ಎಣ್ಣೆ

ಎಲೆಯಲ್ಲಿ ಎಣ್ಣೆ ಇದೆ ಎಂದು ಬಿಳಿಯರಿಗೆ ತಿಳಿದದ್ದು 1788ರಲ್ಲಿ ಸಿಡ್ನಿಗೆ ಬಂದಿಳಿದ ಮೊದಲ ಹಡಗುಗಳ ವೈದ್ಯರಿಂದ. ಅಲ್ಲಿಯ ಮೂಲನಿವಾಸಿಗಳು ಅದಕ್ಕೂ ಬಹಳ ಹಿಂದಿನಿಂದ ಈ ಎಲೆಗಳನ್ನು ಗಾಯಕ್ಕೆ, ಜ್ವರಕ್ಕೆ ಬಳಸುತ್ತಿದ್ದರು. ವ್ಯಾಪಾರದ ಮಟ್ಟಕ್ಕೆ ಎಣ್ಣೆ ತೆಗೆಯಲು ತೊಡಗಿದವನು ವಿಕ್ಟೋರಿಯಾ ಪ್ರಾಂತದ ಔಷಧಿ ವ್ಯಾಪಾರಿ ಜೋಸೆಫ್ ಬೊಸಿಸ್ಟೊ, 1852ರಲ್ಲಿ. ಆ ಎಣ್ಣೆಯ ಮುಖ್ಯ ಸತ್ವವನ್ನು 1870ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಕ್ಲೋಯೆ ಬೇರ್ಪಡಿಸಿ ‘ಯೂಕಲಿಪ್ಟಾಲ್’ ಎಂದು ಕರೆದ. ಈಗ ಅದನ್ನು ಸಿನಿಯೋಲ್ ಎನ್ನುತ್ತಾರೆ. ಮೂಗಿಗೆ ತಣ್ಣಗೆ ತಾಗಿ ಉಸಿರು ಬಿಡಿಸಿದಂತೆ ಅನಿಸುವುದು ಅದರಿಂದಲೇ.

ನೀಲಗಿರಿ ಬೆಟ್ಟದಲ್ಲಿ ಎಣ್ಣೆ ತೆಗೆಯುವ ಕ್ರಮ ತೀರ ಸರಳ. ತೊರೆಯ ಪಕ್ಕ ಒಂದು ಗುಡಿಸಲು. ಒಳಗೆ ಒಲೆಯ ಮೇಲೆ ಆಳೆತ್ತರದ ಕಡಾಯಿ. ತಳದಲ್ಲಿ ನೀರು, ಮೇಲೆ ಒತ್ತಿ ತುಂಬಿದ ಎಲೆ. ಮುಚ್ಚಳ ಹಾಕಿ, ಆವಿ ಸೋರದಂತೆ ಸುತ್ತ ಮೆತ್ತುತ್ತಾರೆ. ಕೆಳಗೆ ಉರಿ ಹಾಕಿದರೆ ಆವಿ ಎಲೆಗಳ ನಡುವೆ ಹಾಯ್ದು, ಎಣ್ಣೆಯನ್ನು ಹೊತ್ತುಕೊಂಡು ಕೊಳವೆಗೆ ಹೋಗುತ್ತದೆ. ಕೊಳವೆ ತಣ್ಣೀರಿನಲ್ಲಿ ಮುಳುಗಿರುವುದರಿಂದ ಆವಿ ಮತ್ತೆ ನೀರಾಗುತ್ತದೆ. ಆ ನೀರಿನ ಮೇಲೆ ಎಣ್ಣೆ ತೇಲಿ ನಿಲ್ಲುತ್ತದೆ. ಮೇಲಿನಿಂದ ಅದನ್ನು ಬೇರೆ ಮಾಡಿಕೊಂಡರೆ ಮುಗಿಯಿತು. ಬೆಂದ ಎಲೆಯನ್ನು ಒಣಗಿಸಿ ಮುಂದಿನ ಸಲದ ಉರಿಗೆ ಹಾಕುತ್ತಾರೆ. ನೂರು ಕಿಲೋ ಎಲೆ ಬೇಯಿಸಿದರೆ ಸಿಗುವುದು ಹೆಚ್ಚುಕಡಿಮೆ ಒಂದು ಕಿಲೋ ಎಣ್ಣೆ. ನಮ್ಮ ಮನೆಯ ಚಿಕ್ಕ ಬಾಟಲಿಯ ಹಿಂದೆ ಕಿಲೋಗಟ್ಟಲೆ ಎಲೆ ಇದೆ, ಬೆಟ್ಟದ ಇಳಿಜಾರಿನಲ್ಲಿ ಬಗ್ಗಿ ಬಗ್ಗಿ ಆ ಎಲೆ ಬಳಿದು ಮೂಟೆ ಕಟ್ಟಿದವರ ಸೊಂಟದ ನೋವೂ ಇದೆ. ಅವರಲ್ಲಿ ಹೆಂಗಸರು ಬಹಳ.

ಎಣ್ಣೆಯ ಉಪಯೋಗ ನಿಮಗೆ ನಾನು ಹೇಳಬೇಕಿಲ್ಲ. ಬಿಸಿನೀರಿಗೆ ನಾಲ್ಕು ಹನಿ ಹಾಕಿ ಆವಿ ತೆಗೆದುಕೊಳ್ಳುವುದು, ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಮಂಡಿಗೆ ತಿಕ್ಕುವುದು, ಮಳೆಗಾಲದಲ್ಲಿ ನೆಲ ಒರೆಸುವ ನೀರಿಗೆ ಸೇರಿಸುವುದು, ಹೊಸ ಸ್ಟೀಲ್ ಪಾತ್ರೆಯ ಚೀಟಿಯ ಅಂಟು ಬಿಡಿಸುವುದು, ಎಲ್ಲವೂ ನಮಗೆ ಗೊತ್ತು. ಆದರೆ ಅಜ್ಜಿಯರಾಗಿರುವ ನಾವು ಒಂದು ಮಾತನ್ನು ನೆನಪಿಡಬೇಕು. ಇದು ಹೊಟ್ಟೆಗೆ ಹೋಗುವ ವಸ್ತುವಲ್ಲ. ಸ್ವಲ್ಪವೇ ಕುಡಿದರೂ ಮಕ್ಕಳ ಜೀವಕ್ಕೆ ಅಪಾಯ. ಕೂಸುಗಳ ಮೂಗಿನ ಬಳಿ, ಮುಖಕ್ಕೆ ಹಚ್ಚಲೇಬಾರದು. ಅಪಸ್ಮಾರ ಇರುವವರು ಇದರ ವಾಸನೆಯಿಂದಲೂ ದೂರ ಇರುವುದು ಒಳ್ಳೆಯದು. ನೀಲಗಿರಿ ಎಣ್ಣೆಯ ವಾಸನೆ ತೆಗೆದುಕೊಂಡ ಮೇಲೆ ಸೆಳವು ಬಂದ ಪ್ರಕರಣಗಳನ್ನು ಬೆಂಗಳೂರಿನ ವೈದ್ಯರೇ ಈಚಿನ ವರ್ಷಗಳಲ್ಲಿ ವರದಿ ಮಾಡಿದ್ದಾರೆ.

ಜ್ವರದ ಮರ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಇದಕ್ಕೆ ‘ಜ್ವರದ ಮರ’ ಎಂಬ ಹೆಸರಿತ್ತು. ಜೌಗು ನೆಲದ ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆ ಎಂದು ಆಗ ನಂಬಿದ್ದರು. ಈ ಮರದ ಸುವಾಸನೆ ಆ ಗಾಳಿಯನ್ನು ಶುದ್ಧ ಮಾಡುತ್ತದೆ, ಬೇರು ಜೌಗನ್ನು ಹೀರುತ್ತದೆ ಎಂದು ಆಲ್ಜೀರಿಯಾದಲ್ಲಿ ನೆಟ್ಟರು. ರೋಮ್ ಬಳಿಯ ತ್ರೆ ಫೊಂತಾನೆ ಎಂಬಲ್ಲಿ 1868ರಲ್ಲಿ ಬಂದು ನೆಲೆಸಿದ ಮಠದ ಸನ್ಯಾಸಿಗಳೂ ಸಾವಿರಾರು ಮರ ಬೆಳೆಸಿದರು. ಮಲೇರಿಯಾ ತರುವುದು ಗಾಳಿಯಲ್ಲ, ಸೊಳ್ಳೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ದೊರೆತದ್ದು 1897ರ ಆಗಸ್ಟ್ 20ರಂದು, ನಮ್ಮ ಹೈದರಾಬಾದ್ ಸದಸ್ಯರ ಮನೆಯಂಗಳದಂತಿರುವ ಸಿಕಂದರಾಬಾದಿನಲ್ಲಿ. ಅಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣುವನ್ನು ಕಂಡ. ಅಲ್ಲಿಗೆ ಸುವಾಸನೆಯ ಸಿದ್ಧಾಂತ ಬಿದ್ದುಹೋಯಿತು. ಆದರೆ ಬೇರಿನ ವಿಷಯದಲ್ಲಿ ಜನ ಕಂಡದ್ದು ಸುಳ್ಳಲ್ಲ. ನೀರು ನಿಂತ ನೆಲದಲ್ಲಿ ಈ ಮರ ಚೆನ್ನಾಗಿ ನೀರು ಕುಡಿಯುತ್ತದೆ. ಇದೇ ಮರದ ಕುಲವನ್ನು ನೀರೇ ಇಲ್ಲದ ನೆಲಕ್ಕೆ ತಂದರೆ ಏನಾಗುತ್ತದೆ ಎಂಬುದು ಮುಂದಿನ ಕಥೆ.

ಬಯಲಿಗೆ ಇಳಿದ ತಂಗಿ

ಬ್ಲೂ ಗಮ್‌ಗೆ ತಂಪು ಬೇಕು. ಅದು ಊಟಿಯಲ್ಲಿ ಬೆಳೆಯುತ್ತದೆ, ಕೋಲಾರದಲ್ಲಿ ಬೆಳೆಯುವುದಿಲ್ಲ. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ್ದು ಅದೇ ಕುಲದ ಮತ್ತೊಂದು ಜಾತಿ, ‘ಟೆರೆಟಿಕಾರ್ನಿಸ್’. ನಂದಿಬೆಟ್ಟದ ಹಳೆಯ ಮರಗಳ ಬೀಜದಿಂದ ಬೆಳೆದು ಬಂದ ಇದರ ತಳಿಗೆ ‘ಮೈಸೂರು ಗಮ್’, ‘ಮೈಸೂರು ಹೈಬ್ರಿಡ್’ ಎಂಬ ಹೆಸರು ಬಿತ್ತು. 1960ರ ದಶಕದಿಂದ ಈ ತಳಿ ದೇಶದ ಉದ್ದಗಲಕ್ಕೆ ಹರಡಿತು. ದೆಹಲಿಯ ಗೆಳತಿಯರು ರಸ್ತೆಯ ಬದಿಯಲ್ಲಿ ನೋಡುವ ಎಷ್ಟೋ ಸಫೇದಾ ಮರಗಳ ವಂಶ ನಮ್ಮ ನಂದಿಯದು ಎಂದರೆ ಅವರಿಗೆ ಆಶ್ಚರ್ಯವಾಗಬಹುದು.

ಇದನ್ನು ಬೆಳೆಸಿದ್ದು ಎಣ್ಣೆಗಾಗಿ ಅಲ್ಲ. ನೆಟ್ಟಗೆ ಬೆಳೆಯುವುದರಿಂದ ಮನೆ ಕಟ್ಟುವಾಗ ಸೆಂಟ್ರಿಂಗ್ ಕಂಬಕ್ಕೆ, ಸೌದೆಗೆ; ಎಲ್ಲಕ್ಕಿಂತ ಹೆಚ್ಚಾಗಿ ಕಾಗದ ಮತ್ತು ರೇಯಾನಿನ ತಿರುಳಿಗೆ. ಕರ್ನಾಟಕದ ಕಾಗದದ ಕಾರ್ಖಾನೆಗಳು ಮೊದಲಿಗೆ ಕಾಡಿನ ಬಿದಿರನ್ನು ನಂಬಿದ್ದವು. ಬಿದಿರು ಬರಿದಾಗುತ್ತ ಬಂತು, ಅದನ್ನೇ ನಂಬಿದ ಮೇದಾರರ ಕಸುಬಿಗೂ ಪೆಟ್ಟು ಬಿತ್ತು. ಆಗ ಕಾರ್ಖಾನೆಗಳ ಕಣ್ಣು ನೀಲಗಿರಿಯ ಮೇಲೆ ಬಿತ್ತು. 1972ರಲ್ಲಿ ಹರಿಹರದ ಬಳಿ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಡದ ಮೇಲೆ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಅಲ್ಲಿ ಮರವನ್ನು ಚೂರು ಮಾಡಿ, ಬೇಯಿಸಿ, ಬಿಳಿಯ ತಿರುಳು ಮಾಡುತ್ತಾರೆ. ಆ ತಿರುಳಿನಿಂದ ರೇಯಾನ್ ನಾರು ತಯಾರಾಗುತ್ತದೆ. ರೇಯಾನ್ ಎಂದರೆ ನಮ್ಮ ಹಳೆಯ ‘ಆರ್ಟ್ ಸಿಲ್ಕ್’ ಸೀರೆ, ಈಗಿನ ಮೆತ್ತನೆಯ ವಿಸ್ಕೋಸ್ ಕುರ್ತಾ. ಮರ ಕಪಾಟಿನ ಮೇಲಿನ ಅರೆಯಲ್ಲಿ ಬಾಟಲಿಯಾಗಿದ್ದರೆ ಕೆಳಗಿನ ಅರೆಯಲ್ಲಿ ಬಟ್ಟೆಯಾಗಿ ಕೂತಿತ್ತು. ನಮಗೆ ಮೇಲಿನದು ಮಾತ್ರ ಗೊತ್ತಿತ್ತು.

ರಾಗಿಯ ಹೊಲ ತೋಪಾದದ್ದು

1970ರ ದಶಕದ ಕೊನೆಯಿಂದ ಕೋಲಾರ, ಬೆಂಗಳೂರು, ತುಮಕೂರು ಜಿಲ್ಲೆಗಳ ರೈತರು ತಮ್ಮ ಹೊಲಗಳಿಗೇ ನೀಲಗಿರಿ ಹಾಕತೊಡಗಿದರು. ಸಾಮಾಜಿಕ ಅರಣ್ಯ ಎಂಬ ಹೆಸರಿನಲ್ಲಿ ಸರ್ಕಾರ ಸಸಿ ಹಂಚುತ್ತಿತ್ತು. 1983ರ ಸುಮಾರಿಗೆ ವಿಶ್ವಬ್ಯಾಂಕಿನ ಸಾಲವೂ ಆ ಯೋಜನೆಗೆ ಬಂತು. ಹಳ್ಳಿಯ ಒಲೆಗೆ ಸೌದೆ, ದನಕ್ಕೆ ಮೇವು ಒದಗಿಸುವುದು ಯೋಜನೆಯ ಹೇಳಿಕೆ. ಹೊಲಗಳಲ್ಲಿ ಎದ್ದ ನೀಲಗಿರಿಯ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ, ಮರ ಲಾರಿ ಹತ್ತಿ ಕಾರ್ಖಾನೆಗೆ ಹೋಗುತ್ತದೆ.

ರೈತನ ಲೆಕ್ಕವೂ ಸುಳ್ಳಲ್ಲ. ನಮ್ಮ ದೊಡ್ಡಪ್ಪನವರು 1980ರ ಆಸುಪಾಸಿನಲ್ಲಿ ಕೆರೆಯಾಚೆಯ ನಾಲ್ಕು ಎಕರೆ ಹೊಲಕ್ಕೆ ನೀಲಗಿರಿ ಹಾಕಿದರು. ವರ್ಷಕ್ಕೆ 700–750 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಮಕ್ಕಳೆಲ್ಲ ಬೆಂಗಳೂರಿನ ಕೆಲಸಕ್ಕೆ ಹೊರಟಿದ್ದರು. ನೀಲಗಿರಿಗೆ ಬೇಲಿ ಬೇಡ, ಕಾವಲು ಬೇಡ, ಕಳೆ ಬೇಡ. ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದ ಕೂಳೆ ತಾನೇ ಚಿಗುರುತ್ತದೆ. ಒಮ್ಮೆ ನೆಟ್ಟರೆ ಮೂರು ನಾಲ್ಕು ಕಟಾವು. ಮಗಳ ಮದುವೆಗೆ, ಮಗನ ಫೀಸಿಗೆ ಒಟ್ಟಿಗೆ ಹಣ ಕೈಗೆ ಬರುತ್ತದೆ. ಅವರ ಜಾಗದಲ್ಲಿ ಯಾರಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದರು.

ಆದರೆ ದೊಡ್ಡಮ್ಮನ ಲೆಕ್ಕ ಬೇರೆ ಇತ್ತು. ಅದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ರಾಗಿ ಹೊಲ ಎಂದರೆ ಬರೀ ರಾಗಿಯಲ್ಲ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ. ಮನೆಯ ಬೇಳೆ, ಎಣ್ಣೆ, ಒಗ್ಗರಣೆ ಎಲ್ಲ ಆ ಸಾಲಿನಿಂದಲೇ. ಕಳೆ ತೆಗೆಯಲು ಹೋದ ಹೆಂಗಸರು ಮಡಿಲ ತುಂಬ ಬೆರಕೆ ಸೊಪ್ಪು ತರುತ್ತಿದ್ದರು. ಅಣ್ಣೆ, ಗೋಣಿ, ಕನ್ನೆ, ಗಣಿಕೆ, ಕೀರೆ, ಹೊನಗೊನ್ನೆ, ಕೈಗೆ ಸಿಕ್ಕಿದ್ದೆಲ್ಲ ಸೇರಿಸಿ ಬೇಯಿಸಿ ಮಸೆದರೆ ಮಸ್ಸೊಪ್ಪು, ಬಸಿದರೆ ಬಸ್ಸಾರು. ಒಂದು ಕಾಸು ಖರ್ಚಿಲ್ಲದ ಊಟ. ರಾಗಿ ಹುಲ್ಲು ವರ್ಷವಿಡೀ ಹಸುಗಳಿಗೆ. ಹಸು ಇದ್ದರೆ ಸಗಣಿ, ಸಗಣಿ ಇದ್ದರೆ ಗೊಬ್ಬರ, ಬೆರಣಿ.

ನೀಲಗಿರಿ ಬಂದ ಮೇಲೆ ಈ ಸರಪಳಿಯ ಒಂದೊಂದೇ ಕೊಂಡಿ ಕಳಚಿತು. ತೋಪಿನ ನೆರಳಿನಲ್ಲಿ ಸೊಪ್ಪು ಏಳಲಿಲ್ಲ. ಹುಲ್ಲಿಲ್ಲದೆ ಎರಡು ಹಸು ಮಾರಿದರು. ಕಳೆ, ಕೊಯ್ಲು, ಕಣದ ಕೆಲಸಕ್ಕೆ ಬರುತ್ತಿದ್ದ ಊರಿನ ಏಳೆಂಟು ಹೆಂಗಸರಿಗೆ ಆ ಹೊಲದಲ್ಲಿ ಕೂಲಿ ಇಲ್ಲವಾಯಿತು. ಅವರಲ್ಲಿ ಇಬ್ಬರು ಇಟ್ಟಿಗೆ ಗೂಡಿಗೆ ಹೋದರು. ಕಡಿಯುವ ಕೆಲಸ ಗಂಡಾಳುಗಳದು, ಅದೂ ಏಳೆಂಟು ವರ್ಷಕ್ಕೊಮ್ಮೆ. “ದುಡ್ಡು ಬಂತು ಕಣಮ್ಮ, ಆದ್ರೆ ಅದು ಬಂದಿದ್ದು ನಿಮ್ಮ ದೊಡ್ಡಪ್ಪನ ಕೈಗೆ. ಸೊಪ್ಪು ಬರ್ತಿದ್ದಿದ್ದು ನನ್ ಮಡಿಲಿಗೆ” ಎಂದು ದೊಡ್ಡಮ್ಮ ಹೇಳುತ್ತಿದ್ದರು. ಹೆಂಗಸರಿಗೆ ಆ ತೋಪಿನಿಂದ ದಕ್ಕಿದ್ದು ತರಗೆಲೆ. ಗುಡಿಸಿ ಮೂಟೆ ಕಟ್ಟಿ ತಂದು ಬಚ್ಚಲ ಹಂಡೆಯ ಒಲೆಗೆ ಹಾಕುತ್ತಿದ್ದೆವು. ಚಟಪಟ ಉರಿಯುತ್ತಿತ್ತು, ಸ್ನಾನದ ನೀರಿಗೆಲ್ಲ ಅದರ ವಾಸನೆ.

ಕಿತ್ತಿಕೊ, ಹಚ್ಚಿಕೊ

ದೊಡ್ಡಮ್ಮನಂಥವರ ಮಾತು ಆ ಹೊತ್ತಿಗೆ ಹೊರಗೂ ಕೇಳತೊಡಗಿತ್ತು. 1981ರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಲ್ಲಿದ್ದ ಜಯಂತ ಬಂದ್ಯೋಪಾಧ್ಯಾಯ, ವಂದನಾ ಶಿವ ಮತ್ತು ಎಚ್. ಸಿ. ಶರತ್‌ಚಂದ್ರ ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯವನ್ನು ಅಧ್ಯಯನ ಮಾಡಿ, ರಾಗಿ ಮತ್ತು ಕೂಲಿ ಎರಡೂ ಕಡಿಮೆಯಾಗುತ್ತಿವೆ ಎಂದು ಬರೆದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು.

ದೊಡ್ಡ ಹೋರಾಟ ನಡೆದದ್ದು ಉತ್ತರದ ಕಡೆ. 1984ರಲ್ಲಿ ರಾಜ್ಯದ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ತಿರುಳಿನ ಮರ ಬೆಳೆಸಲು ಸುಮಾರು 30 ಸಾವಿರ ಹೆಕ್ಟೇರ್ ನೆಲವನ್ನು ಅದಕ್ಕೆ ಕೊಡುವುದೆಂದು ತೀರ್ಮಾನವಾಯಿತು. ಕಾಗದದ ಮೇಲೆ ಅದು ಸರ್ಕಾರದ ಪಾಳು ನೆಲ. ಊರಿನವರಿಗೆ ಅದು ದನ ಮೇಯುವ, ಸೌದೆ ಆಯುವ, ಎಲೆ ತರುವ ನೆಲ. ಹೆಂಗಸರ ದಿನದ ಅರ್ಧ ಬದುಕು ಅಲ್ಲೇ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಊರವರನ್ನು ಒಟ್ಟುಗೂಡಿಸಿತು. ಕೋಟ ಶಿವರಾಮ ಕಾರಂತರೇ ಅರ್ಜಿದಾರರಾಗಿ ನಿಂತು ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿಗೆ ಸೇರಿದ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನಮ್ಮ ಕಡೆ ‘ಗಿಡ ನೆಡು’ ಎನ್ನುವುದಕ್ಕೆ ಆ ಕಡೆ ‘ಗಿಡ ಹಚ್ಚು’ ಎನ್ನುತ್ತಾರೆ. ಕಂಪನಿಯ ನೀಲಗಿರಿ ಸಸಿಗಳನ್ನು ಲೆಕ್ಕವಿಟ್ಟು ಕಿತ್ತು, ಅದೇ ಗುಂಡಿಗಳಿಗೆ ಊರಿಗೆ ಬೇಕಾದ ಸಸಿ ಹಚ್ಚಿದರು. ಗಂಡಸರ ಜೊತೆಗೆ ಹೆಂಗಸರೂ ಬಂದಿದ್ದರು. ಬರೀ ಕೀಳುವುದಾಗಿದ್ದರೆ ಅದು ಸಿಟ್ಟು ಮಾತ್ರ ಆಗುತ್ತಿತ್ತು. ಹಚ್ಚಿದ್ದರಿಂದ ಅದು ತಮಗೆ ಯಾವ ಮರ ಬೇಕು ಎಂದು ಹೇಳುವ ಹಕ್ಕಾಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು.

ನೀರಿನ ವಿಚಾರ

ನೀಲಗಿರಿ ನೆಲದ ನೀರನ್ನೆಲ್ಲ ಕುಡಿದುಬಿಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅರಣ್ಯ ಇಲಾಖೆಯವರು ಬಹಳ ಕಾಲ ಅಲ್ಲಗಳೆದರು. ಅಳೆದು ನೋಡಿದಾಗ ಸಿಕ್ಕ ಉತ್ತರ ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ಸಲ್ಲುತ್ತದೆ. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕ್ಯಾಲ್ಡರ್ ಮತ್ತು ಜೊತೆಗಾರರು ಶಿವಮೊಗ್ಗದ ಕಡೆ, ಹೊಸಕೋಟೆಯ ಕಡೆ ಪ್ರಯೋಗ ನಡೆಸಿದರು. ಒಣ ಸೀಮೆಯಲ್ಲಿ ನೀಲಗಿರಿ ಬಳಸುವ ನೀರು ಅಲ್ಲಿಯದೇ ಕುರುಚಲು ಕಾಡು ಬಳಸುವಷ್ಟೇ. ಆದರೆ ರಾಗಿ ಬೆಳೆ ಬಳಸುವುದಕ್ಕಿಂತ ಅದು ಸುಮಾರು ಎರಡು ಪಟ್ಟು. ಆಳವಾದ ಮಣ್ಣಿರುವ ಹೊಸಕೋಟೆಯಲ್ಲಂತೂ ಮರ ಆ ವರ್ಷಗಳ ಮಳೆಗಿಂತ ಹೆಚ್ಚು ನೀರು ಬಳಸಿತ್ತು. ಬೇರು ಆಳಕ್ಕಿಳಿದು ಹಿಂದಿನ ಉಳಿತಾಯವನ್ನೂ ತೆಗೆದಿತ್ತು.

ಬೆಟ್ಟದ ಮೇಲೂ ಇದೇ ಕಥೆ. ಊಟಿಯ ಬಳಿ ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲಿಗೆ ಬ್ಲೂ ಗಮ್ ನೆಟ್ಟು ಹತ್ತು ವರ್ಷ ತೊರೆಯ ನೀರು ಅಳೆದರು. ಹರಿವು ಶೇಕಡಾ 16ರಷ್ಟು ಕಡಿಮೆಯಾಗಿತ್ತು. ರೋಮ್ ಬಳಿಯ ಜೌಗಿನಲ್ಲಿ ಯಾವ ಗುಣಕ್ಕಾಗಿ ಇದನ್ನು ಹೊಗಳಿದರೋ ಅದೇ ಗುಣ ಇಲ್ಲಿ ದೂರಾಯಿತು.

ಕೋಲಾರದ ಬಾವಿಗಳು ಬತ್ತಿದ್ದಕ್ಕೆ ನೀಲಗಿರಿಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಸಾವಿರಾರು ಕೊಳವೆಬಾವಿಗಳಿವೆ, ಹೂಳು ತುಂಬಿದ ಕೆರೆಗಳಿವೆ, ಸೊರಗಿದ ರಾಜಕಾಲುವೆಗಳಿವೆ. ಆದರೆ ಮಳೆಯೇ ಕಡಿಮೆ ಇರುವ ಸೀಮೆಯಲ್ಲಿ, ರಾಗಿ ಇದ್ದ ನೆಲದಲ್ಲಿ, ಎರಡು ಪಟ್ಟು ಕುಡಿಯುವ ಮರವನ್ನು ಸಾಲುಗಟ್ಟಿ ನಿಲ್ಲಿಸಿದ್ದಂತೂ ಸಣ್ಣ ಕಾರಣವಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಈಗ

ನಮ್ಮ ಊರಿನಲ್ಲಿ ಈಗ ತೋಪುಗಳು ಒಂದೊಂದಾಗಿ ಹೋಗುತ್ತಿವೆ. ಕಡಿದರೆ ಸಾಲದು, ಕೂಳೆ ಮತ್ತೆ ಚಿಗುರುತ್ತದೆ. ಜೆಸಿಬಿ ತರಿಸಿ ಬುಡ ಕೀಳಿಸಬೇಕು. ಅದಕ್ಕೆ ತಗಲುವ ಖರ್ಚು ನೋಡಿ ಹಾಗೇ ಬಿಟ್ಟವರೂ ಇದ್ದಾರೆ. ದೊಡ್ಡಪ್ಪನ ಮಗ ಎರಡು ಎಕರೆ ಬಿಡಿಸಿ ಮಾವು ಹಾಕಿದ್ದಾನೆ. ಮೊದಲ ವರ್ಷ ಮಾವಿನ ಸಾಲಿನ ನಡುವೆ ರಾಗಿ ಚೆಲ್ಲಿದಾಗ ಪೈರು ಸೊರಗಿತು, ಗೊಬ್ಬರ ಹೊಡೆಸಿದ ಮೇಲೆ ಮೂರನೆಯ ವರ್ಷಕ್ಕೆ ಸುಮಾರಾಗಿ ಬಂತು ಎಂದು ಹೇಳಿದ.

ಹಾಗಾದರೆ ನೀಲಗಿರಿ ಒಳ್ಳೆಯದೋ ಕೆಟ್ಟದ್ದೋ? ನನ್ನ ಉತ್ತರ ಇಷ್ಟು. ಟಾಸ್ಮೇನಿಯಾದ ತನ್ನ ಕಾಡಿನಲ್ಲಿ ಅದು ಚೆಂದದ ಮರ. ಬಾಟಲಿಯಲ್ಲಿ, ಎಚ್ಚರದಿಂದ ಬಳಸಿದರೆ, ಒಳ್ಳೆಯ ಎಣ್ಣೆ. ಕಂಬವಾಗಿ, ಕಾಗದವಾಗಿ, ಬಟ್ಟೆಯಾಗಿ ಅದರ ಉಪಯೋಗ ಬಹಳ. ತಪ್ಪಿದ್ದು ನೆಡುವಾಗ. ಸೌದೆ ಬೇಕಾದವರು ಕುರಿಂಜಿಯನ್ನು ಕೇಳಲಿಲ್ಲ, ತೋದವರನ್ನು ಕೇಳಲಿಲ್ಲ. ತಿರುಳು ಬೇಕಾದವರು ದನ ಮೇಯಿಸುವವರನ್ನು ಕೇಳಲಿಲ್ಲ. ಹೊಲಕ್ಕೆ ಏನು ಹಾಕಬೇಕು ಎಂದು ನಮ್ಮ ಮನೆಯಲ್ಲೂ ದೊಡ್ಡಮ್ಮನನ್ನು ಯಾರೂ ಕೇಳಲಿಲ್ಲ.

ನಮ್ಮ ಮಹಿಳಾ ವಿಭಾಗದ ಗೆಳತಿಯರಲ್ಲಿ ಒಂದು ಕೋರಿಕೆ. ನಮ್ಮಲ್ಲಿ ಬಯಲುಸೀಮೆಯಿಂದ ಬಂದವರು ಬಹಳ ಜನ ಇದ್ದೇವೆ. ತವರಿನಲ್ಲಿ ತಾಯಿಯೋ ಚಿಕ್ಕಮ್ಮನೋ ಅತ್ತೆಯೋ ಇನ್ನೂ ಇದ್ದರೆ, ಈ ಸಲ ಫೋನು ಮಾಡಿದಾಗ ಅವರ ಹೊಲದಲ್ಲಿ ಸಿಗುತ್ತಿದ್ದ ಬೆರಕೆ ಸೊಪ್ಪುಗಳ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಯಾವುದರ ಜೊತೆ ಯಾವುದನ್ನು ಬೇಯಿಸುತ್ತಿದ್ದರು, ಯಾವ ತಿಂಗಳಲ್ಲಿ ಸಿಗುತ್ತಿತ್ತು ಎಂಬುದನ್ನೂ ಕೇಳಿ. ನಮ್ಮ ದೊಡ್ಡಮ್ಮ ಇಪ್ಪತ್ತಕ್ಕೂ ಹೆಚ್ಚು ಹೆಸರು ಹೇಳುತ್ತಿದ್ದರು. ನನಗೆ ನೆನಪಿರುವುದು ಒಂಬತ್ತು. ಉಳಿದವು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇರಬಹುದು. ಮುಂದಿನ ಸಂಚಿಕೆಗೆ ಎಲ್ಲವನ್ನೂ ಒಟ್ಟು ಸೇರಿಸೋಣ.